ಫೋಲ್ಡರ್ ಹೆಸರು ಬದಲಿಸುವ ಮುನ್ನ: ಕ್ಲೌಡ್‌ನಲ್ಲಿ ಫೋಟೋ, ವಿಡಿಯೋ ಇಡಲು ಯಾರಿಗೆ ಯಾವ ಜಾಗ?

ಕೆಲವು ವರ್ಷಗಳ ಹಿಂದೆ, ಕ್ಲೌಡ್‌ನಲ್ಲಿದ್ದ ಒಂದು ಫೋಲ್ಡರ್‌ನ ಹೆಸರು ನನ್ನ ಕಣ್ಣಿಗೆ ಚುಚ್ಚುತ್ತಿತ್ತು: ‘ಫೋಟೋಸ್-ಫೈನಲ್-ಹೊಸದು-2’. ಒಳಗೆ ಸುಮಾರು 12 ಸಾವಿರ ಚಿತ್ರಗಳು. ಒಂದು ಸಂಜೆ ಪುರುಸೊತ್ತಾಗಿ ಕೂತವನು ಬಲ ಗುಂಡಿ ಒತ್ತಿ ‘ರಿನೇಮ್’ ಕೊಟ್ಟೆ. ಕಂಪ್ಯೂಟರಿನಲ್ಲಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಇಲ್ಲಿ ಹಸಿರು ಪಟ್ಟಿಯೊಂದು ಮೂಡಿ ಇರುವೆಯ ಹಾಗೆ ಹರಿಯತೊಡಗಿತು. ಊಟ ಮುಗಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ನಿದ್ದೆ ಹೋಗಿತ್ತು, ನಾನೂ ಹೋದೆ. ಬೆಳಿಗ್ಗೆ ನೋಡಿದರೆ ಅರ್ಧ ಚಿತ್ರಗಳು ಹೊಸ ಹೆಸರಿನಡಿ, ಇನ್ನರ್ಧ ಹಳೆಯದರಡಿ. ಅವನ್ನು ತೋರಿಸುತ್ತಿದ್ದ ವೆಬ್‌ಸೈಟಿನ ಪುಟಗಳಲ್ಲಿ ಚಿತ್ರ ಇರಬೇಕಾದ ಕಡೆಯೆಲ್ಲ ಹರಿದ ಕಾಗದದ ಗುರುತು.

ತಪ್ಪು ಆ ಸೇವೆಯದಲ್ಲ, ನನ್ನದೇ. ಅಲ್ಲಿ ‘ಹೆಸರು’ ಅಂದರೆ ಏನು ಎಂದು ವಿಚಾರಿಸದೆ ಕೈ ಹಾಕಿದ್ದೆ.

ಕ್ಲೌಡ್ ಜಾಗಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ನೋಡುವುದು ಎಷ್ಟು ಜಿಬಿ, ಎಷ್ಟು ದುಡ್ಡು ಅಂತ. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಫೈಲುಗಳು ಸಾವಿರ ದಾಟಿದ ಮೇಲೆ ದಿನನಿತ್ಯ ಕಾಡುವ ಪ್ರಶ್ನೆ ಬೇರೆ: ಇಲ್ಲಿ ಫೈಲಿನ ಹೆಸರು ಅದರ ವಿಳಾಸವೋ, ಬರೀ ಬಾಗಿಲಿನ ಬೋರ್ಡೋ? ಬೋರ್ಡಾದರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು, ಮನೆ ಇದ್ದಲ್ಲೇ ಇರುತ್ತದೆ, ಅಂಚೆಯವನಿಗೂ ತೊಂದರೆಯಿಲ್ಲ. ವಿಳಾಸವಾದರೆ ಹೆಸರು ಬದಲಿಸುವುದೆಂದರೆ ಮನೆ ಖಾಲಿ ಮಾಡಿ ಸಾಮಾನೆಲ್ಲ ಹೊತ್ತು ಇನ್ನೊಂದು ಮನೆಗೆ ಹೋದ ಹಾಗೆ. ಹಳೆಯ ವಿಳಾಸಕ್ಕೆ ಬಂದವರು ಬೀಗ ನೋಡಿ ವಾಪಸು ಹೋಗುತ್ತಾರೆ. ಈ ಬರಹದಲ್ಲಿ ಐದು ಬಗೆಯ ಜಾಗಗಳನ್ನು ಇದೊಂದೇ ಪ್ರಶ್ನೆ ಇಟ್ಟುಕೊಂಡು ಹೋಲಿಸಿದ್ದೇನೆ.

ಫೋಲ್ಡರೇ ಇಲ್ಲದ ಬಕೆಟ್

ಅಮೆಜಾನಿನ ಕ್ಲೌಡ್ ಶೇಖರಣಾ ಸೇವೆಯಾದ ಎಸ್3 ಶುರುವಾದದ್ದು 2006ರ ಮಾರ್ಚ್‌ನಲ್ಲಿ. ಅದೇ ಮಾದರಿಯಲ್ಲಿ ಆಮೇಲೆ ಬಂದ ಆಬ್ಜೆಕ್ಟ್ ಸ್ಟೋರೇಜ್‌ಗಳಲ್ಲಿ ಬಹುಪಾಲು ಒಂದೇ ಬಗೆ: ಬಕೆಟ್ ಎಂಬ ಒಂದು ದೊಡ್ಡ ಡಬ್ಬ, ಅದರೊಳಗೆ ಆಬ್ಜೆಕ್ಟ್‌ಗಳು, ಅಂದರೆ ಫೈಲುಗಳು, ಪ್ರತಿಯೊಂದಕ್ಕೂ ಒಂದು ಕೀ. ಆ ಕೀ ಅನ್ನುವುದು ಬರೀ ಉದ್ದನೆಯ ಒಂದು ಸಾಲು. ‘ಮದುವೆ/2023/ಆರತಕ್ಷತೆ/ಚಿತ್ರ-0412’ ಎಂದಿದ್ದರೆ ಅದು ಮೂರು ಫೋಲ್ಡರ್ ದಾಟಿ ಹೋಗುವ ದಾರಿಯಲ್ಲ. ನಡುವೆ ಮೂರು ಓರೆಗೆರೆ ಇರುವ ಒಂದೇ ಹೆಸರು. ಪರದೆಯ ಮೇಲೆ ಹಳದಿ ಫೋಲ್ಡರ್ ಚಿತ್ರ ಕಾಣುವುದು ನಮ್ಮ ಸಮಾಧಾನಕ್ಕೆ. ತಂತ್ರಾಂಶ ಓರೆಗೆರೆ ಬಂದಲ್ಲೆಲ್ಲ ಕತ್ತರಿಸಿ, ಒಂದೇ ರೀತಿ ಶುರುವಾಗುವ ಕೀಗಳನ್ನು ಒಟ್ಟಿಗೆ ಗುಡ್ಡೆ ಹಾಕಿ ತೋರಿಸುತ್ತದೆ, ಅಷ್ಟೆ. ಆ ಶುರುವಿನ ಭಾಗಕ್ಕೆ ಪ್ರಿಫಿಕ್ಸ್ ಅನ್ನುತ್ತಾರೆ.

ಇಲ್ಲದ ಫೋಲ್ಡರ್‌ಗೆ ಹೆಸರು ಬದಲಿಸುವುದು ಹೇಗೆ? ಒಂದೊಂದೇ ಆಬ್ಜೆಕ್ಟನ್ನು ಹೊಸ ಕೀಗೆ ನಕಲು ಮಾಡಬೇಕು, ಆಮೇಲೆ ಹಳೆಯದನ್ನು ಅಳಿಸಬೇಕು. ‘ಮೂವ್’ ಎಂಬ ಆಜ್ಞೆ ಕೊಟ್ಟರೂ ತೆರೆಮರೆಯಲ್ಲಿ ನಡೆಯುವುದು ಇದೇ. 12 ಸಾವಿರ ಚಿತ್ರಗಳೆಂದರೆ 12 ಸಾವಿರ ನಕಲು. ನಡುವೆ ನಿಂತರೆ ನಿಂತಲ್ಲಿಗೇ ನಿಂತಿತು. ಅರ್ಧ ಅಲ್ಲಿ, ಅರ್ಧ ಇಲ್ಲಿ. ಅಂದು ನನಗಾದದ್ದು ಇದೇ.

ಇದರ ಜೊತೆಗೆ ಬರುವ ಸಣ್ಣ ಸಣ್ಣ ಕಿರಿಕಿರಿಗಳು ಪಟ್ಟಿ ಮಾಡಿದಷ್ಟೂ ಮುಗಿಯುವುದಿಲ್ಲ. ನಕಲಾದ ಆಬ್ಜೆಕ್ಟಿನ ‘ಕೊನೆಯ ಬದಲಾವಣೆ’ ತಾರೀಖು ನಕಲಿನ ದಿನದ್ದಾಗುತ್ತದೆ, ಹಾಗಾಗಿ ತಾರೀಖಿನ ಪ್ರಕಾರ ಜೋಡಿಸಿ ನೋಡುವ ಅಭ್ಯಾಸವಿದ್ದರೆ ಎಲ್ಲವೂ ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ಎಸ್3ಯಲ್ಲಿ ಪ್ರತಿ ಆಬ್ಜೆಕ್ಟಿಗೆ ಬೇರೆಯಾಗಿ ಅನುಮತಿ ಕೊಟ್ಟಿದ್ದರೆ ಅದು ನಕಲಿನ ಜೊತೆ ಬರುವುದಿಲ್ಲ. 5 ಜಿಬಿಗಿಂತ ದೊಡ್ಡ ವಿಡಿಯೋ ಒಂದೇ ಸಲಕ್ಕೆ ನಕಲಾಗುವುದಿಲ್ಲ, ತುಂಡು ತುಂಡಾಗಿ ಮಾಡಬೇಕು. ಒಳ್ಳೆಯ ಟೂಲ್‌ಗಳು ಅದನ್ನು ತಾವೇ ನೋಡಿಕೊಳ್ಳುತ್ತವೆ, ನೀವೇ ಸ್ಕ್ರಿಪ್ಟ್ ಬರೆದಿದ್ದರೆ ಅಲ್ಲೇ ಎಡವುತ್ತೀರಿ. ವರ್ಷನಿಂಗ್ (ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವ ಏರ್ಪಾಡು) ಚಾಲೂ ಇದ್ದರೆ ‘ಅಳಿಸಿದ’ ಹಳೆಯ ಪ್ರತಿಗಳು ಒಳಗೇ ಕೂತಿರುತ್ತವೆ, ಎರಡೆರಡು ಪ್ರತಿಗೆ ಬಾಡಿಗೆ ಕಟ್ಟುತ್ತಾ ಇರುತ್ತೀರಿ. ಹಾಗಂತ ವರ್ಷನಿಂಗ್ ಬೇಡ ಅನ್ನುತ್ತಿಲ್ಲ. ಅದಿಲ್ಲದೆ ಎಸ್3ಯಲ್ಲಿ ಅಳಿಸಿದ್ದು ಹೋಯಿತೆಂದೇ ಲೆಕ್ಕ, ಕಸದ ಬುಟ್ಟಿ ಎಂಬುದು ಅಲ್ಲಿಲ್ಲ. ಅಳಿಸಿ ಕೈ ಸುಟ್ಟುಕೊಂಡ ಮೇಲೆ ವರ್ಷನಿಂಗ್ ಹಾಕುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇನ್ನು ಹಳೆಯ ವಿಡಿಯೋಗಳನ್ನು ಅಗ್ಗವಾಗಲಿ ಎಂದು ಎಸ್3ಯಲ್ಲಿ ಅಪರೂಪಕ್ಕೆ ತೆಗೆಯುವ ಫೈಲುಗಳಿಗೆಂದು ಇರುವ ಗ್ಲೇಸಿಯರ್ ದರ್ಜೆಗಳಿಗೆ ತಳ್ಳಿದ್ದರಂತೂ ಹೆಸರು ಬದಲಿಸುವ ಯೋಚನೆಯನ್ನೇ ಬಿಡಿ. ಗ್ಲೇಸಿಯರ್ ಫ್ಲೆಕ್ಸಿಬಲ್ ಮತ್ತು ಡೀಪ್ ಆರ್ಕೈವ್‌ಗಳಲ್ಲಿ ಇಟ್ಟದ್ದನ್ನು ನಕಲು ಮಾಡುವ ಮೊದಲು ಹೊರಗೆ ತರಿಸಿಕೊಳ್ಳಬೇಕು, ಅದಕ್ಕೆ ಸಾಮಾನ್ಯವಾಗಿ ತಾಸುಗಟ್ಟಲೆ ಕಾಯಬೇಕು. ಜೊತೆಗೆ ಕನಿಷ್ಠ ಅವಧಿ ಎಂದಿದೆ: ಮೊದಲನೆಯದಕ್ಕೆ 90 ದಿನ, ಎರಡನೆಯದಕ್ಕೆ 180 ದಿನ. ಅದಕ್ಕೆ ಮುಂಚೆ ಅಳಿಸಿದರೂ ಉಳಿದ ದಿನಗಳ ಬಾಡಿಗೆ ಬರುತ್ತದೆ.

ಇಷ್ಟೆಲ್ಲ ಹೇಳಿ ಬಕೆಟ್ ಬೇಡವೆಂದರೆ ಅನ್ಯಾಯವಾದೀತು. ಒಮ್ಮೆ ಹೆಸರಿಟ್ಟು ಮತ್ತೆ ಮುಟ್ಟದವರಿಗೆ, ಲಕ್ಷಗಟ್ಟಲೆ ಚಿತ್ರಗಳನ್ನು ಆ್ಯಪ್‌ಗೋ ವೆಬ್‌ಸೈಟಿಗೋ ಒದಗಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಜಾಗ ಇಲ್ಲ. ಕೀ ಅನ್ನು ಮನುಷ್ಯರಿಗೆ ಓದಲು ಹಿತವಾಗುವಂತೆ ಇಡುವ ಆಸೆ ಬಿಟ್ಟುಬಿಟ್ಟರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಕೀಗೆ ಅರ್ಥವಿಲ್ಲದ ಒಂದು ಗುರುತಿನ ಸಂಖ್ಯೆ. ‘ಆರತಕ್ಷತೆ’, ‘ತೋಟ’, ‘ಉತ್ಪನ್ನದ ಚಿತ್ರ’ ಎಂಬ ಹೆಸರುಗಳೆಲ್ಲ ಬೇರೆ ಡೇಟಾಬೇಸಿನಲ್ಲಿ. ಆಗ ಹೆಸರು ಬದಲಿಸುವುದೆಂದರೆ ಡೇಟಾಬೇಸಿನ ಒಂದು ಕೋಶ ತಿದ್ದಿದಷ್ಟೇ.

ನಿಜವಾಗಿಯೂ ಫೋಲ್ಡರ್ ಇರುವ ಬಕೆಟ್

ಇದೇ ತೊಂದರೆಯನ್ನು ಕಂಡು ಕೆಲವರು ಬಕೆಟ್‌ನೊಳಗೇ ನಿಜವಾದ ಫೋಲ್ಡರ್ ತಂದರು. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಡೇಟಾ ಲೇಕ್ ಸ್ಟೋರೇಜ್, ಗೂಗಲ್ ಕ್ಲೌಡ್ ಸ್ಟೋರೇಜ್‌ನ ಹೈರಾರ್ಕಿಕಲ್ ನೇಮ್‌ಸ್ಪೇಸ್ ಬಕೆಟ್ ಈ ಸಾಲಿನವು. ಇಲ್ಲಿ ಫೋಲ್ಡರ್ ಹೆಸರು ಬದಲಿಸುವುದು ಒಂದೇ ಏಟಿನ ಕೆಲಸ: ಒಳಗಿನ ಫೈಲುಗಳನ್ನು ಮುಟ್ಟದೆ ಮೇಲಿನ ದಾಖಲೆ ಮಾತ್ರ ಬದಲಾಗುತ್ತದೆ. ಆಯಿತೆಂದರೆ ಪೂರ್ತಿ ಆಗುತ್ತದೆ, ಇಲ್ಲವಾದರೆ ಆಗುವುದೇ ಇಲ್ಲ. ಅರ್ಧಂಬರ್ಧದ ಮಾತೇ ಇಲ್ಲ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಆರಿಸಬಾರದು? ಎರಡು ಕಾರಣ. ಗೂಗಲ್‌ನಲ್ಲಿ ಈ ಸೌಲಭ್ಯವನ್ನು ಬಕೆಟ್ ಮಾಡುವಾಗಲೇ ಕೇಳಿ ಪಡೆಯಬೇಕು, ಆಮೇಲೆ ಸೇರಿಸಲಾಗದು. ಅಜೂರ್‌ನಲ್ಲಿ ಒಮ್ಮೆ ಹಾಕಿಕೊಂಡರೆ ತೆಗೆಯಲಾಗದು. ಎರಡನೆಯದು, ಇದರ ಜೊತೆಗೆ ಕೆಲವನ್ನು ಬಿಟ್ಟುಕೊಡಬೇಕು. ಉದಾಹರಣೆಗೆ ಗೂಗಲ್‌ನ ಇಂಥ ಬಕೆಟ್‌ನಲ್ಲಿ ಆಬ್ಜೆಕ್ಟ್ ವರ್ಷನಿಂಗ್ ಇಲ್ಲ. ಇನ್ನೊಂದು ಮಾತು, ಯಾರೂ ಒತ್ತಿ ಹೇಳದಿರುವುದು: ಹೆಸರು ಒಂದೇ ಏಟಿಗೆ ಬದಲಾದರೂ ವಿಳಾಸವೂ ಅದರ ಜೊತೆಗೇ ಬದಲಾಗುತ್ತದೆ. ಸಾಮಾನು ಹೊರುವ ಶ್ರಮ ತಪ್ಪಿತು, ಅಂಚೆಯವನ ಗೊಂದಲ ತಪ್ಪಲಿಲ್ಲ. ಹೊರಗಿನವರಿಗೆ ಲಿಂಕ್ ಕೊಟ್ಟವರಿಗೆ ಇದರಿಂದ ಪೂರ್ತಿ ಬಿಡುಗಡೆಯಿಲ್ಲ. ವಿಡಿಯೋ ಸಂಕಲನ, ದೊಡ್ಡ ದೊಡ್ಡ ಡೇಟಾ ಸಂಸ್ಕರಣೆ ಮುಂತಾದ ಒಳಗಿನ ಕೆಲಸಗಳಲ್ಲಿ, ‘ತಾತ್ಕಾಲಿಕ’ ಫೋಲ್ಡರನ್ನು ದಿನಕ್ಕೆ ಹತ್ತು ಸಲ ‘ಮುಗಿದದ್ದು’ ಎಂದು ಬದಲಿಸುವವರಿಗೆ ಇದು ಹೇಳಿ ಮಾಡಿಸಿದ ಜಾಗ.

ಡ್ರೈವ್ ಬಗೆಯವು

ಗೂಗಲ್ ಡ್ರೈವ್‌ನಲ್ಲಿ ಪ್ರತಿ ಫೈಲಿಗೂ, ಪ್ರತಿ ಫೋಲ್ಡರ್‌ಗೂ ಒಂದು ಐಡಿ ಇರುತ್ತದೆ. ಲಿಂಕಿನಲ್ಲಿ ಕಾಣುವ ಆ ಉದ್ದನೆಯ, ಬಾಯಿಗೆ ಬಾರದ ಅಕ್ಷರಗಳ ಸಾಲು ಅದೇ. ಹೆಸರು ಇಲ್ಲಿ ಬರೀ ಬೋರ್ಡು. ‘ಹೊಸ ಫೋಲ್ಡರ್’ ಅನ್ನು ‘ನಾಟಕೋತ್ಸವ’ ಮಾಡಿ, ನಾಳೆ ಮನಸ್ಸು ಬದಲಾಗಿ ‘ರಂಗೋತ್ಸವ’ ಮಾಡಿ, ಮೊದಲೇ ಹಂಚಿದ ಲಿಂಕ್ ಹಾಗೆಯೇ ತೆರೆದುಕೊಳ್ಳುತ್ತದೆ. ನಾಲ್ಕು ಜನ ಕೂಡಿ ಫೋಟೋ ಹಾಕುವ, ತೆಗೆಯುವ, ಹೆಸರು ತಿದ್ದುವ ಕಡೆ ನಾನು ಕಣ್ಣು ಮುಚ್ಚಿ ಈ ಬಗೆಯನ್ನೇ ಹೇಳುತ್ತೇನೆ.

ಹೆಸರು ಬೋರ್ಡು ಮಾತ್ರವಾದ್ದರಿಂದ ಇನ್ನೊಂದು ವಿಚಿತ್ರವೂ ಇದೆ: ಡ್ರೈವ್‌ನಲ್ಲಿ ಒಂದೇ ಫೋಲ್ಡರಿನೊಳಗೆ ಒಂದೇ ಹೆಸರಿನ ಎರಡು ಫೈಲುಗಳು ಆರಾಮವಾಗಿ ಇರಬಲ್ಲವು. ಮೊದಲ ಸಲ ಕಂಡಾಗ ಕಣ್ಣುಜ್ಜಿಕೊಂಡಿದ್ದೆ. ಅಲ್ಲಿರುವವರೆಗೆ ತೊಂದರೆಯಿಲ್ಲ, ಕಂಪ್ಯೂಟರಿಗೆ ಇಳಿಸಿಕೊಂಡಾಗ ಒಂದರ ಪಕ್ಕ ‘(1)’ ಎಂಬ ಬಾಲ ಹುಟ್ಟುತ್ತದೆ, ಯಾವುದು ಯಾವುದೆಂದು ಹುಡುಕಾಟ ಶುರುವಾಗುತ್ತದೆ.

ಹೆಸರು ಬದಲಿಸುವುದಕ್ಕೂ ಜಾಗ ಬದಲಿಸುವುದಕ್ಕೂ ಇಲ್ಲಿ ವ್ಯತ್ಯಾಸವಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹೆಸರು ಬದಲಿಸಿದರೆ ಯಾರು ನೋಡಬಹುದು ಎಂಬುದು ಬದಲಾಗದು. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಎಳೆದು ಹಾಕಿದರೆ ಹೊಸ ಫೋಲ್ಡರಿನ ಅನುಮತಿಗಳು ಅಂಟಿಕೊಳ್ಳುತ್ತವೆ. ಮನೆಮಂದಿಗೆಂದು ಇಟ್ಟಿದ್ದ ಚಿತ್ರವನ್ನು ಎಲ್ಲರಿಗೂ ತೆರೆದ ಫೋಲ್ಡರಿಗೆ ಎಳೆದರೆ ಅದೂ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಇನ್ನೊಂದು: 2020ರ ಸೆಪ್ಟೆಂಬರ್ ಕೊನೆಯಿಂದ ಡ್ರೈವ್‌ನಲ್ಲಿ ಒಂದು ಫೈಲ್ ಒಂದೇ ಫೋಲ್ಡರಿನಲ್ಲಿ ಇರಬಹುದು, ಇನ್ನೊಂದು ಕಡೆಯೂ ಕಾಣಬೇಕಾದರೆ ಶಾರ್ಟ್‌ಕಟ್ ಹಾಕಬೇಕು. ಹಾಗಾಗಿ ‘ವರ್ಷವಾರು’ ಮತ್ತು ‘ವಿಷಯವಾರು’ ಎರಡೂ ಜೋಡಣೆ ಬೇಕೆನ್ನುವವರು ಒಂದನ್ನು ಮೂಲವೆಂದು ಆರಿಸಿಕೊಂಡು ಇನ್ನೊಂದನ್ನು ಶಾರ್ಟ್‌ಕಟ್‌ಗಳಿಂದ ಕಟ್ಟಿಕೊಳ್ಳಬೇಕು.

ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಬಲ ಇರುವುದು ಕಂಪ್ಯೂಟರಿನ ಜೊತೆಗಿನ ಸಿಂಕ್‌ನಲ್ಲಿ. ಅದೇ ಅವುಗಳ ಬಲಹೀನತೆಯೂ ಹೌದು, ಯಾಕೆಂದರೆ ಕಂಪ್ಯೂಟರಿನ ಕಟ್ಟುಪಾಡುಗಳೆಲ್ಲ ಕ್ಲೌಡ್‌ಗೂ ಬರುತ್ತವೆ. ಒನ್‌ಡ್ರೈವ್‌ನಲ್ಲಿ ದಾರಿ ಮತ್ತು ಹೆಸರು ಸೇರಿ 400 ಅಕ್ಷರ ಮೀರುವಂತಿಲ್ಲ. ವಿಂಡೋಸ್ ಹೆಸರಿನಲ್ಲಿ ಒಪ್ಪದ ಚಿಹ್ನೆಗಳು ಒಂಬತ್ತು. ಎರಡೂ ಓರೆಗೆರೆಗಳು, ಪ್ರಶ್ನಾರ್ಥಕ, ನಕ್ಷತ್ರ, ವಿವರಣ ಚಿಹ್ನೆ ಇತ್ಯಾದಿ. ‘ಭಾಷಣ 10:30’ ಎಂದು ಇನ್ನೊಂದು ಕಡೆ ಹೆಸರಿಟ್ಟ ಫೈಲು ಇಲ್ಲಿಗೆ ಬರುವಾಗ ಆ ಎರಡು ಚುಕ್ಕಿಗಳಿಗಾಗಿ ಹೊಸ್ತಿಲಲ್ಲೇ ನಿಲ್ಲುತ್ತದೆ. ಇನ್ನು ಸಾವಿರಾರು ಫೈಲುಗಳಿರುವ ಫೋಲ್ಡರಿನ ಹೆಸರನ್ನು ಒಂದು ಕಂಪ್ಯೂಟರಿನಲ್ಲಿ ಬದಲಿಸಿ, ಸಿಂಕ್ ಮುಗಿಯುವ ಮೊದಲೇ ಇನ್ನೊಂದರಲ್ಲೂ ಬದಲಿಸಲು ಹೋಗಬೇಡಿ. ಹಳೆಯದು, ಹೊಸದು ಎರಡೂ ಮೆರವಣಿಗೆ ಹೊರಡುತ್ತವೆ.

ಕಸದ ಬುಟ್ಟಿ ಇರುವುದು ಈ ಬಗೆಯ ದೊಡ್ಡ ಅನುಕೂಲ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಬುಟ್ಟಿಯಲ್ಲಿರುತ್ತದೆ. ವೈಯಕ್ತಿಕ ಒನ್‌ಡ್ರೈವ್‌ನಲ್ಲೂ 30 ದಿನ. ವೆಬ್‌ಸೈಟಿಗೆ ಚಿತ್ರ ಒದಗಿಸಲು ಮಾತ್ರ ಇವನ್ನು ಬಳಸಬೇಡಿ. ಆ ಲಿಂಕ್‌ಗಳು ಇರುವುದು ಜನ ತೆರೆದು ನೋಡಲಿಕ್ಕೆ, ಪುಟದೊಳಗೆ ಕೂರಿಸಲಿಕ್ಕಲ್ಲ.

ಫೋಟೋ ಲೈಬ್ರರಿಗಳು

ಗೂಗಲ್ ಫೋಟೋಸ್ ಥರದವುಗಳಲ್ಲಿ ಫೋಲ್ಡರ್ ಹುಡುಕುವುದೇ ವ್ಯರ್ಥ. ಅಲ್ಲಿರುವುದು ಆಲ್ಬಮ್, ಒಂದೇ ಚಿತ್ರ ಹತ್ತು ಆಲ್ಬಮ್‌ಗಳಲ್ಲಿ ಇರಬಹುದು, ಪ್ರತಿ ಮಾತ್ರ ಒಂದೇ. ಆಲ್ಬಮ್ ಹೆಸರು ಎಷ್ಟು ಸಲ ಬದಲಿಸಿದರೂ ಚಿತ್ರಕ್ಕೆ ಏನೂ ಆಗದು. ಫೈಲಿನ ಹೆಸರು ಬದಲಿಸಲು ಗೂಗಲ್ ಫೋಟೋಸ್ ಬಿಡುವುದಿಲ್ಲ. ಬೇಕಾದರೆ ವಿವರಣೆ ಬರೆದುಕೊಳ್ಳಬಹುದು. ‘ಆಲ್ಬಮ್‌ನಿಂದ ತೆಗೆ’ ಮತ್ತು ‘ಅಳಿಸು’ ಎರಡೂ ಬೇರೆ ಎಂಬುದನ್ನು ಮನೆಯ ಹಿರಿಯರಿಗೆ ಒಂದು ಸಲ ತೋರಿಸಿಕೊಡಿ.

ಹೊರಗೆ ತೆಗೆಯುವಾಗ ಮಾತ್ರ ಒಂದು ಗಮನ ಬೇಕು. ಗೂಗಲ್‌ನಿಂದ ನಮ್ಮ ಫೈಲುಗಳನ್ನು ಇಳಿಸಿಕೊಳ್ಳುವ ಟೇಕ್‌ಔಟ್‌ನಲ್ಲಿ ತರಿಸಿಕೊಂಡರೆ ಆಲ್ಬಮ್‌ಗಳು ಫೋಲ್ಡರ್‌ಗಳಾಗಿ ಬರುತ್ತವೆ, ಚಿತ್ರದ ಪಕ್ಕ ವಿವರಣೆ, ತಾರೀಖುಗಳಿರುವ ಜೇಸನ್ ಫೈಲುಗಳು ಕೂತಿರುತ್ತವೆ. ಅವನ್ನು ಕಸವೆಂದು ಅಳಿಸಿದರೆ, ನೀವು ಆ್ಯಪ್‌ನಲ್ಲಿ ಕೂತು ಬರೆದ ವಿವರಣೆಗಳೂ ತಿದ್ದಿದ ತಾರೀಖುಗಳೂ ಅವುಗಳ ಜೊತೆ ಹೋದವು.

ಮೀಡಿಯಾ ಸೇವೆಗಳು: ಅದೇ ಬಟನ್, ಎರಡು ಅರ್ಥ

ಕ್ಲೌಡಿನರಿಯಂತಹ ಸೇವೆಗಳು ಚಿತ್ರ ಇಟ್ಟುಕೊಳ್ಳುವುದರ ಜೊತೆ ಅಳತೆ ಬದಲಿಸಿ, ಕತ್ತರಿಸಿ, ಸಿಡಿಎನ್ (ಊರೂರಿನ ಸರ್ವರ್‌ಗಳಲ್ಲಿ ಪ್ರತಿ ಇಟ್ಟು ಬೇಗ ತಲುಪಿಸುವ ಜಾಲ) ಮೂಲಕ ಹಂಚಿಯೂ ಕೊಡುತ್ತವೆ. ಇಲ್ಲಿ ಖಾತೆ ಯಾವ ಕ್ರಮದಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಫಿಕ್ಸೆಡ್ ಫೋಲ್ಡರ್ ಕ್ರಮದಲ್ಲಿ ಫೋಲ್ಡರಿನ ದಾರಿಯೇ ಚಿತ್ರದ ಪಬ್ಲಿಕ್ ಐಡಿಯ ಒಂದು ಭಾಗ. ಚಿತ್ರವನ್ನು ಇನ್ನೊಂದು ಫೋಲ್ಡರಿಗೆ ಸರಿಸಿದರೆ ಐಡಿ ಬದಲು, ಐಡಿ ಬದಲಾದರೆ ಯುಆರ್‌ಎಲ್ (ವೆಬ್ ವಿಳಾಸ) ಬದಲು, ಹಳೆಯ ಲಿಂಕ್ ಇಟ್ಟುಕೊಂಡ ಪುಟ ಖಾಲಿ. ಡೈನಾಮಿಕ್ ಫೋಲ್ಡರ್ ಕ್ರಮದಲ್ಲಿ ಫೋಲ್ಡರ್ ಬೇರೆ, ಐಡಿ ಬೇರೆ, ಪರದೆಯ ಮೇಲೆ ತೋರಿಸುವ ಹೆಸರೂ ಬೇರೆ. ಎಲ್ಲಿಗೆ ಬೇಕಾದರೂ ಎಳೆದು ಹಾಕಿ, ಯುಆರ್‌ಎಲ್ ಅಲ್ಲಾಡುವುದಿಲ್ಲ. ಹೊಸದಾಗಿ ತೆರೆಯುವ ಖಾತೆಗಳಿಗೆ ಈಗ ಡೈನಾಮಿಕ್ ಕ್ರಮ ತಾನಾಗಿಯೇ ಸಿಗುತ್ತದೆ. ಹಳೆಯ ಖಾತೆಗಳಲ್ಲಿ ಫಿಕ್ಸೆಡ್ ಇರುವ ಸಾಧ್ಯತೆ ಹೆಚ್ಚು.

ಹಾಗಾಗಿ ಬೇರೆಯವರು ಕಟ್ಟಿದ ಖಾತೆಯನ್ನು ನೋಡಿಕೊಳ್ಳುವ ಕೆಲಸ ಹೆಗಲಿಗೆ ಬಿದ್ದರೆ, ಮೊದಲ ದಿನ ಮಾಡಬೇಕಾದದ್ದು ಒಂದೇ: ಬೇಡದ ಒಂದು ಪರೀಕ್ಷಾ ಚಿತ್ರ ಹಾಕಿ, ಅದರ ಯುಆರ್‌ಎಲ್ ಬರೆದಿಟ್ಟುಕೊಂಡು, ಬೇರೆ ಫೋಲ್ಡರಿಗೆ ಸರಿಸಿ, ಈಗಿನ ಯುಆರ್‌ಎಲ್ ಪಕ್ಕದಲ್ಲಿಟ್ಟು ನೋಡುವುದು. ಎರಡೇ ನಿಮಿಷದ ಕೆಲಸ. ಹಳೆಯ ಯುಆರ್‌ಎಲ್ಲನ್ನು ಬ್ರೌಸರಿನಲ್ಲಿ ತೆರೆದು ‘ಬರುತ್ತಿದೆಯಲ್ಲ’ ಎಂದು ಮಾತ್ರ ನಂಬಬೇಡಿ, ಸಿಡಿಎನ್‌ನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಉಳಿದ ಹಳೆಯ ಪ್ರತಿ ಇನ್ನೂ ಕೆಲ ದಿನ ಬರುತ್ತಲೇ ಇರಬಹುದು. ಹೆಸರು ಬದಲಿಸುವಾಗ ಕ್ಯಾಶ್ ತೆರವುಗೊಳಿಸುವ ಆಯ್ಕೆ ಇದೆ. ಅದನ್ನು ಹಾಕದೆ ಬಿಟ್ಟರೆ ತಪ್ಪು ಇಂದು ಕಾಣುವುದಿಲ್ಲ, ಎಲ್ಲರೂ ಮರೆತ ಮೇಲೆ ಕಾಣುತ್ತದೆ.

ವರ್ಡ್‌ಪ್ರೆಸ್ ಬಳಸುವವರಿಗೆ ಇದೇ ಕಥೆಯ ಇನ್ನೊಂದು ರೂಪ. ಅದು ಚಿತ್ರಗಳನ್ನು ವರ್ಷ, ತಿಂಗಳ ಫೋಲ್ಡರುಗಳಲ್ಲಿ ಇಡುತ್ತದೆ, ದಾರಿಯನ್ನು ಡೇಟಾಬೇಸಿನಲ್ಲೂ ಲೇಖನಗಳೊಳಗೂ ಬರೆದುಕೊಳ್ಳುತ್ತದೆ. ಸರ್ವರ್‌ಗೆ ನೇರ ನುಗ್ಗಿ ಫೋಲ್ಡರಿನ ಹೆಸರು ಬದಲಿಸಿದರೆ ಹಳೆಯ ಲೇಖನಗಳ ಚಿತ್ರಗಳೆಲ್ಲ ಮಾಯ.

ಹಾಗಾದರೆ ಯಾರಿಗೆ ಯಾವುದು

ಮನೆಯ ಫೋಟೋಗಳು, ನೋಡುವವರು ಮನೆಯವರೇ ಆದರೆ ಫೋಟೋ ಲೈಬ್ರರಿ ಸಾಕು. ವರ್ಷಕ್ಕೊಮ್ಮೆ ಪೂರ್ತಿ ಪ್ರತಿಯೊಂದನ್ನು ಹೊರಗೆ ತೆಗೆದಿಡಿ. ತಂಡದಲ್ಲಿ ಕೆಲಸ, ಹೆಸರುಗಳು ವಾರಕ್ಕೊಮ್ಮೆ ಬದಲಾಗುತ್ತವೆ, ಲಿಂಕ್‌ಗಳನ್ನು ಮಿಂಚಂಚೆಯಲ್ಲಿ ಹಂಚುತ್ತೀರಿ ಎಂದಾದರೆ ಐಡಿ ಇರುವ ಡ್ರೈವ್. ವೆಬ್‌ಸೈಟ್, ಆ್ಯಪ್‌ಗೆ ಚಿತ್ರ ಬೇಕು, ಹಾಕುವವರು ಸಂಪಾದಕರು, ಅವರಿಗೆ ಫೋಲ್ಡರ್ ಮುಟ್ಟದೆ ಇರಲಾಗದು ಎಂದಾದರೆ ಡೈನಾಮಿಕ್ ಕ್ರಮದ ಮೀಡಿಯಾ ಸೇವೆ. ಹಾಕುವುದು ಪ್ರೋಗ್ರಾಮ್, ಮನುಷ್ಯರು ಒಳಗೆ ಇಣುಕುವುದೇ ಇಲ್ಲ ಎಂದಾದರೆ ಸಾಮಾನ್ಯ ಬಕೆಟ್. ಮನುಷ್ಯರು ದಿನವೂ ಇಣುಕಿ ಅಚ್ಚುಕಟ್ಟು ಮಾಡುವ ಜಾಗಕ್ಕೆ ಸಾಮಾನ್ಯ ಬಕೆಟ್ ಆರಿಸುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು. ಜಿಬಿಗೆ ಉಳಿಸಿದ ದುಡ್ಡು ಅಲ್ಲೇ ಕರಗುತ್ತದೆ.

ತಾರೀಖು ಮೊದಲೋ, ವಿಷಯ ಮೊದಲೋ

ಜಾಗ ಯಾವುದೇ ಇರಲಿ, ಮೊದಲೇ ಚೆನ್ನಾಗಿ ಹೆಸರಿಟ್ಟರೆ ಬದಲಿಸುವ ಪ್ರಸಂಗವೇ ಕಡಿಮೆ. ಇಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷ ‘2024-03-17-ಜಾತ್ರೆ’ ಎಂದು ತಾರೀಖು ಮುಂದಿಡುತ್ತದೆ, ಇನ್ನೊಂದು ‘ಜಾತ್ರೆ-2024’ ಎನ್ನುತ್ತದೆ. ನಾನು ಮೊದಲ ಪಕ್ಷದವನು. ವರ್ಷ, ತಿಂಗಳು, ದಿನ ಈ ಅನುಕ್ರಮದಲ್ಲಿ ಬರೆದ ತಾರೀಖು ಅಕ್ಷರ ಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮದಲ್ಲೇ ನಿಲ್ಲುತ್ತದೆ; ಐಎಸ್‌ಒ 8601 ಎಂಬ ಮಾನದಂಡ ಹೇಳುವುದೂ ಇದೇ ಅನುಕ್ರಮವನ್ನು. ಎಲ್ಲಕ್ಕಿಂತ ಮುಖ್ಯವಾಗಿ ತಾರೀಖಿನ ಬಗ್ಗೆ ಯಾರ ಮನಸ್ಸೂ ಬದಲಾಗುವುದಿಲ್ಲ. ‘ಜಾತ್ರೆ’ ನಾಳೆ ‘ಉತ್ಸವ’ ಆಗಬಹುದು, ಮಾರ್ಚ್ 17 ಮಾರ್ಚ್ 17ಆಗಿಯೇ ಉಳಿಯುತ್ತದೆ. ಒಂದೇ ವಸ್ತುವಿನ ಚಿತ್ರಗಳನ್ನು ವರ್ಷಗಟ್ಟಲೆ ಸೇರಿಸುತ್ತಾ ಹೋಗುವವರಿಗೆ, ಉದಾಹರಣೆಗೆ ಹಕ್ಕಿಗಳ ಚಿತ್ರ ತೆಗೆಯುವವರಿಗೆ, ವಿಷಯ ಮೊದಲಿರುವುದೇ ಸರಿ.

ಕ್ಯಾಮೆರಾ ಕೊಟ್ಟ ಹೆಸರನ್ನೇ ಉಳಿಸಿಕೊಳ್ಳುವುದು ಮೂರನೆಯ ದಾರಿ. ಅದರಲ್ಲೊಂದು ತೊಡಕು ಇದೆ. ಕ್ಯಾಮೆರಾಗಳು ಅನುಸರಿಸುವ ಡಿಸಿಎಫ್ ನಿಯಮದಂತೆ ಚಿತ್ರದ ಸಂಖ್ಯೆ 0001ರಿಂದ 9999ರವರೆಗೆ ಮಾತ್ರ. ಹತ್ತು ಸಾವಿರನೆಯ ಚಿತ್ರ ಮತ್ತೆ 0001. ಎರಡು ಪ್ರವಾಸದ ಚಿತ್ರಗಳನ್ನು ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೊಂದು ಬರೆದು ಹೋಗುವ ಅಪಾಯ ಇರುವುದು ಇಲ್ಲೇ. ವರ್ಷನಿಂಗ್ ಇಲ್ಲದ ಬಕೆಟ್‌ನಲ್ಲಂತೂ ಅದೇ ಕೀಗೆ ಬಂದ ಹೊಸ ಆಬ್ಜೆಕ್ಟ್ ಒಂದು ಮಾತೂ ಕೇಳದೆ ಹಳೆಯದನ್ನು ಒರೆಸಿಹಾಕುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರಗಳಲ್ಲಿ ತೆಗೆದ ದಿನದ ಒಳಮಾಹಿತಿ ಉಳಿದಿರುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಅವುಗಳ ಹೆಸರಿನಲ್ಲೇ ಒಂದು ತಾರೀಖು ಇರುತ್ತದೆ. ಅದು ಬಂದ ದಿನದ್ದು, ತೆಗೆದ ದಿನದ್ದಲ್ಲ. ಆದರೂ ಇರುವ ಒಂದೇ ಸುಳಿವು ಅದು, ಹೆಸರು ಬದಲಿಸುವ ಉತ್ಸಾಹದಲ್ಲಿ ಕಿತ್ತೆಸೆಯಬೇಡಿ.

ಕನ್ನಡದಲ್ಲಿ ಹೆಸರಿಡಬಹುದೇ

ಇಡಬಹುದು. ಎಲ್ಲ ಸೇವೆಗಳೂ ಯೂನಿಕೋಡ್ ಒಪ್ಪುತ್ತವೆ. ಆದರೆ ಹೆಸರು ಬೋರ್ಡಾಗಿರುವ ಕಡೆ ಧಾರಾಳವಾಗಿ, ವಿಳಾಸವಾಗಿರುವ ಕಡೆ ಲೆಕ್ಕ ಹಾಕಿ.

ಲೆಕ್ಕ ಹೀಗಿದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ, ಅಂದರೆ ವ್ಯಂಜನಕ್ಕೊಂದು, ಅದರ ಸ್ವರಚಿಹ್ನೆಗೊಂದು ಎಂದು, 3 ಬೈಟ್. ಎಸ್3ಯಲ್ಲಿ ಕೀ 1,024 ಬೈಟ್ ದಾಟುವಂತಿಲ್ಲ, ಹಾಗಾಗಿ ನಮಗೆ ಸಿಗುವುದು 341 ಚಿಹ್ನೆ. ಸಾಕಷ್ಟಾಯಿತು ಅನ್ನಿಸಬಹುದು. ಅದೇ ಹೆಸರು ಯುಆರ್‌ಎಲ್ ಆದಾಗ ಪ್ರತಿ ಬೈಟೂ ಶೇಕಡಾ ಗುರುತಿನೊಂದಿಗೆ ಮೂರು ಅಕ್ಷರವಾಗುತ್ತದೆ. ‘ಫೋಟೋ’ ಎಂಬ ಎರಡಕ್ಷರದ ಪದ 36 ಅಕ್ಷರದ ಸರಮಾಲೆಯಾಗಿ ಹೊರಬರುತ್ತದೆ.

ಇದಕ್ಕಿಂತ ಕಾಡುವುದು ಇನ್ನೊಂದು. ‘ಫೋ’ದಲ್ಲಿರುವ ಓ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ಉದ್ದನೆಯ ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳಲ್ಲಿ ಬೇರೆ ಬೇರೆ: ಮೊದಲ ರೀತಿಯಲ್ಲಿ ‘ಫೋಟೋ’ 12 ಬೈಟ್, ಎರಡನೆಯ ರೀತಿಯಲ್ಲಿ 24. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಹೆಸರುಗಳು ಬಕೆಟ್‌ಗೆ ಹೋದರೆ, ಪಕ್ಕಪಕ್ಕದಲ್ಲೇ ‘ಫೋಟೋ’ ಮತ್ತು ‘ಫೋಟೋ’ ಎಂಬ ಎರಡು ಫೋಲ್ಡರುಗಳು ಕಾಣುತ್ತವೆ, ಒಂದರಲ್ಲಿ ಇರುವುದು ಇನ್ನೊಂದರಲ್ಲಿಲ್ಲ. ‘ಆಲ್ಬಮ್‌ಗಳು’ ಎಂದು ಬರೆಯುವಾಗ ಮ್ ಮತ್ತು ಗ ಅಂಟಿಕೊಳ್ಳದಿರಲು ಹಾಕುವ ಕಣ್ಣಿಗೆ ಕಾಣದ ಆ ಚಿಹ್ನೆಯೂ ಅಷ್ಟೇ. ಒಬ್ಬರು ಹಾಕಿ, ಇನ್ನೊಬ್ಬರು ಬಿಟ್ಟರೆ ಹುಡುಕಾಟಕ್ಕೆ ಸಿಗುವುದಿಲ್ಲ. ಒಂದೇ ಕೀಬೋರ್ಡಿನಿಂದ ಹೆಸರಿಡಿ, ಬಕೆಟ್‌ಗೆ ಕಳಿಸುವ ಮೊದಲು ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಸೇರಿಸಿದ) ರೂಪಕ್ಕೆ ತನ್ನಿ. ನಾನಂತೂ ಬಕೆಟ್‌ನಲ್ಲಿ ಅಂಕಿಗಳನ್ನೂ ಅಡ್ಡಗೆರೆಯನ್ನೂ ಮಾತ್ರ ಬಳಸಿ, ಕನ್ನಡದ ಹೆಸರುಗಳನ್ನು ಡ್ರೈವ್‌ಗೂ ಆಲ್ಬಮ್‌ಗೂ ಮೀಸಲಿಟ್ಟಿದ್ದೇನೆ.

ಬಕೆಟ್‌ನಲ್ಲಿ ಬದಲಿಸಲೇಬೇಕಾಗಿ ಬಂದರೆ

ಮೊದಲು ಹಳೆಯ ಕೀ, ಹೊಸ ಕೀ ಎಂಬ ಎರಡು ಕಾಲಮ್ಮಿನ ಪಟ್ಟಿ ಮಾಡಿ, ಕಣ್ಣಾಡಿಸಿ. ಒಂದೇ ಹೊಸ ಹೆಸರು ಎರಡು ಸಲ ಬಂದಿದ್ದರೆ ಈಗಲೇ ಸಿಗುತ್ತದೆ. ಕ್ಲೌಡ್‌ಗಳ ನಡುವೆ ಫೈಲು ಸಾಗಿಸುವ ಆರ್‌ಕ್ಲೋನ್ ಎಂಬ ಟೂಲ್ ಬಳಸುವವರು ಡ್ರೈ ರನ್ ಆಯ್ಕೆ ಹಾಕಿ ನೋಡಿದರೆ ಏನೇನು ಆಗಲಿದೆ ಎಂದು ಮಾತ್ರ ಹೇಳುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಆಮೇಲೆ ‘ಮೂವ್’ ಬೇಡ, ‘ಕಾಪಿ’ ಮಾಡಿ. ಎಣಿಕೆ, ಗಾತ್ರ ತಾಳೆ ನೋಡಿ, ವೆಬ್‌ಸೈಟಿನ ಲಿಂಕ್‌ಗಳನ್ನು ಹೊಸದಕ್ಕೆ ತಿರುಗಿಸಿ, ಹಳೆಯದನ್ನು ಒಂದು ತಿಂಗಳು ಹಾಗೇ ಬಿಡಿ.

ಹಳೆಯದನ್ನು ತೆಗೆಯಲು ಲೈಫ್‌ಸೈಕಲ್ ನಿಯಮ (ಹೇಳಿದ ಸಮಯಕ್ಕೆ ತಾನಾಗಿಯೇ ಅಳಿಸು ಎಂಬ ಆಜ್ಞೆ) ಹಾಕಿದರೆ ಕೈಯಾರೆ ಅಳಿಸುವ ಕೆಲಸ ತಪ್ಪುತ್ತದೆ. ಇಲ್ಲಿಯೇ ಇನ್ನೊಮ್ಮೆ ಎಡವಬಹುದು: ‘30 ದಿನಗಳ ನಂತರ ಅಳಿಸು’ ಎಂದು ಎಸ್3ಗೆ ಹೇಳಿದರೆ ಅದು ಎಣಿಸುವುದು ನೀವು ನಿಯಮ ಹಾಕಿದ ದಿನದಿಂದಲ್ಲ, ಆಬ್ಜೆಕ್ಟ್ ಹುಟ್ಟಿದ ದಿನದಿಂದ. ನಿಮ್ಮ ಹಳೆಯ ಚಿತ್ರಗಳಿಗೆ 30 ದಿನ ಎಂದೋ ದಾಟಿರುತ್ತದೆ. ಒಂದು ತಿಂಗಳು ಸಿಗುತ್ತದೆಂದು ನೀವು ನೆಮ್ಮದಿಯಾಗಿರುವಾಗ ಅವು ಒಂದೆರಡು ದಿನದಲ್ಲೇ ಹೊರಟಿರುತ್ತವೆ. ದಿನಗಳ ಲೆಕ್ಕ ಕೊಡುವ ಬದಲು ನೇರವಾಗಿ ಇಂಥ ತಾರೀಖು ಎಂದೇ ಕೊಡಿ. ವರ್ಷನಿಂಗ್ ಇದ್ದರೆ ಹಳೆಯ ಆವೃತ್ತಿಗಳಿಗೆ ಬೇರೆ ನಿಯಮ ಬೇಕು, ಇಲ್ಲದಿದ್ದರೆ ಅಳಿಸಿದ ಗುರುತು ಮಾತ್ರ ಬೀಳುತ್ತದೆ. ಎಲ್ಲ ಹೋದ ಮೇಲೂ ಹಳೆಯ ಫೋಲ್ಡರ್ ಪರದೆಯ ಮೇಲೆ ಖಾಲಿಯಾಗಿ ಕಾಣುತ್ತಲೇ ಇದ್ದರೆ ಗಾಬರಿ ಬೇಡ. ಯಾರೋ ಎಂದೋ ‘ಹೊಸ ಫೋಲ್ಡರ್’ ಒತ್ತಿದಾಗ ಹುಟ್ಟಿದ, ಓರೆಗೆರೆಯಲ್ಲಿ ಮುಗಿಯುವ ಸೊನ್ನೆ ಬೈಟಿನ ಒಂದು ಆಬ್ಜೆಕ್ಟ್ ಅದು. ಅದನ್ನೂ ಅಳಿಸಿ.